ಹಾಜರಿ ಹಾಕಿದರೆ ಪಾಲ್ಗೊಂಡಂತೆ ಆಗುವುದೇ? ಅತಿ ತೀವ್ರ ಅಂಗವೈಕಲ್ಯವಿರುವ ಯುವಜನರು ಮತ್ತು ಸಮುದಾಯ

2023ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಅಂಗವೈಕಲ್ಯ ರಾಯಲ್ ಕಮಿಷನ್, ಅಂದರೆ ಸರ್ಕಾರ ನೇಮಿಸಿದ ಉನ್ನತ ವಿಚಾರಣಾ ಆಯೋಗ, ತನ್ನ ಅಂತಿಮ ವರದಿಯನ್ನು ಸಲ್ಲಿಸಿತು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ನಡೆದ ವಿಚಾರಣೆಯ ನಂತರ ಬಂದ ಆ ವರದಿಯಲ್ಲಿ 12 ಸಂಪುಟಗಳೂ 222 ಶಿಫಾರಸುಗಳೂ ಇದ್ದವು. ಆದರೆ ಅಂಗವಿಕಲ ಮಕ್ಕಳಿಗೆಂದೇ ಇರುವ ಪ್ರತ್ಯೇಕ ಶಾಲೆಗಳನ್ನು ಹಂತಹಂತವಾಗಿ ಮುಚ್ಚಬೇಕೆ ಎಂಬ ಪ್ರಶ್ನೆಯಲ್ಲಿ ಆರು ಮಂದಿ ಆಯುಕ್ತರು ಸರಿಯಾಗಿ ಎರಡು ಪಾಲಾದರು. ಮೂವರು ಮುಚ್ಚಬೇಕೆಂದರು, ಮೂವರು ಒಪ್ಪಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಅಮೆರಿಕದಲ್ಲಿ, ಅಂಗವಿಕಲರನ್ನು ಸಮುದಾಯದಿಂದ ದೂರವಿಡುವ ಸ್ಥಳಗಳಿಗೆ ಸರ್ಕಾರಿ ಆರೋಗ್ಯ ಯೋಜನೆಯ 'ಸಮುದಾಯ ಸೇವೆ'ಯ ಹಣ ಸಲ್ಲಬಾರದು ಎಂಬ ನಿಯಮವನ್ನು ಪಾಲಿಸಲು ಕೊಟ್ಟಿದ್ದ ಗಡುವು ಮುಗಿಯಿತು. ಇತ್ತ ಬ್ರಿಟನ್ನಿನಂಥ ದೇಶಗಳಲ್ಲಿ ಅಂಗವಿಕಲರು ಹಗಲು ಹೊತ್ತು ಕಳೆಯುವ ಹಗಲು ಕೇಂದ್ರಗಳನ್ನು ಮುಚ್ಚಲು ಹೊರಟಾಗಲೆಲ್ಲ ಅದನ್ನು ವಿರೋಧಿಸಿ ನಿಲ್ಲುವವರಲ್ಲಿ ಪೋಷಕರೇ ಮುಂದಿರುತ್ತಾರೆ.

ಸುದ್ದಿ ಓದುವವರಿಗೆ ಗೊಂದಲವಾಗುವುದು ಇಲ್ಲಿಯೇ. ಮುಚ್ಚಿ ಎನ್ನುವವರೂ ಉಳಿಸಿ ಎನ್ನುವವರೂ ತಮ್ಮ ವಾದಕ್ಕೆ ಒಂದೇ ಪದವನ್ನು ಆಸರೆಯಾಗಿ ಹಿಡಿಯುತ್ತಾರೆ, ಸಮುದಾಯದಲ್ಲಿ ಪಾಲ್ಗೊಳ್ಳುವಿಕೆ. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಅದೇ ಯುವಕ ಯುವತಿಯರ ಹಿತವನ್ನೇ ಮುಂದಿಡುವವರು. ಹಾಗಿದ್ದರೂ ಒಬ್ಬರ ಪರಿಹಾರ ಇನ್ನೊಬ್ಬರಿಗೆ ಅನ್ಯಾಯವಾಗಿ ಕಾಣುವುದೇಕೆ ಎಂಬುದನ್ನು ತಿಳಿಯಬೇಕಾದರೆ, ಮೊದಲು ಆ ಯುವಜನರು ಯಾರೆಂಬುದನ್ನೂ ಆ ಪದಕ್ಕೆ ನಿಜವಾಗಿ ಏನರ್ಥವೆಂಬುದನ್ನೂ ಬಿಡಿಸಿ ನೋಡಬೇಕಾಗುತ್ತದೆ.

ಯಾರ ಬಗ್ಗೆ ಈ ಚರ್ಚೆ

ಅಂಗವೈಕಲ್ಯ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಗಾಲಿಕುರ್ಚಿಯಲ್ಲಿ ಕುಳಿತು ತನ್ನ ಹಕ್ಕಿಗಾಗಿ ತಾನೇ ಮಾತನಾಡುವ ವ್ಯಕ್ತಿ. ಈ ಲೇಖನದ ವಿಷಯ ಅವರಲ್ಲ. ವೈದ್ಯರು 'ಪ್ರೊಫೌಂಡ್' ಎಂದು ಗುರುತಿಸುವ ಅತಿ ತೀವ್ರ ಬೌದ್ಧಿಕ ಅಂಗವೈಕಲ್ಯದ ಜೊತೆಗೆ ದೇಹದ ಚಲನೆಯ ತೊಂದರೆಯೂ ಇರುವ, ಮಾತು ಬಾರದ, ಬಹುಪಾಲು ಸಂಜ್ಞಾಭಾಷೆಯೂ ಬಾರದ ಯುವಜನರು ಇವರು. ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಚಲನೆ ಕುಂಠಿತವಾಗುವ ಸ್ಥಿತಿ) ಇರುವವರ ಚಲನೆಯನ್ನು ಐದು ಹಂತಗಳಲ್ಲಿ ಅಳೆಯುವ, 1997ರಿಂದ ಬಳಕೆಯಲ್ಲಿರುವ ಒಂದು ವರ್ಗೀಕರಣವಿದೆ. ಅದರ ಐದನೆಯ ಹಂತದಲ್ಲಿರುವವರಿಗೆ ತಲೆಯನ್ನು ನೆಟ್ಟಗೆ ಹಿಡಿದುಕೊಳ್ಳುವುದೂ ಕಷ್ಟ. ಎಲ್ಲಿಗೆ ಹೋಗಬೇಕಾದರೂ ಇನ್ನೊಬ್ಬರು ಗಾಲಿಕುರ್ಚಿಯನ್ನು ತಳ್ಳಬೇಕು. ಇದರೊಂದಿಗೆ ಅಪಸ್ಮಾರ, ನುಂಗುವ ತೊಂದರೆ, ಬೆನ್ನುಮೂಳೆಯ ಬಾಗು, ಮತ್ತೆ ಮತ್ತೆ ಬರುವ ಶ್ವಾಸಕೋಶದ ಸೋಂಕು ಸಾಮಾನ್ಯ. ಕೆಲವರಿಗೆ ಹೊಟ್ಟೆಗೆ ಅಳವಡಿಸಿದ ನಳಿಕೆಯ ಮೂಲಕವೇ ಆಹಾರ ಕೊಡಬೇಕಾಗುತ್ತದೆ.

ಇವರ ಬುದ್ಧಿಮತ್ತೆಯನ್ನು ಅಂಕಿಗಳಲ್ಲಿ ಹೇಳುವ ರೂಢಿ ಹಿಂದೆ ಇತ್ತು. ಆ ಅಂಕಿ ಸತ್ಯಕ್ಕೆ ಹತ್ತಿರವಾಗಿರಲಿಲ್ಲ ಎಂಬುದನ್ನು ವೈದ್ಯಲೋಕವೇ ಈಗ ಒಪ್ಪಿಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಇತ್ತೀಚಿನ ರೋಗವರ್ಗೀಕರಣವಾದ ಐಸಿಡಿ-11, ಈ ಮಟ್ಟದಲ್ಲಿ ಬುದ್ಧಿಮತ್ತೆಯ ಪರೀಕ್ಷೆಗಳು ವಿಶ್ವಾಸಾರ್ಹವಲ್ಲವೆಂದು ಹೇಳಿ, ದಿನನಿತ್ಯದ ಬದುಕಿನಲ್ಲಿ ವ್ಯಕ್ತಿಗೆ ಎಷ್ಟು ನೆರವು ಬೇಕಾಗುತ್ತದೆ ಎಂಬುದನ್ನೇ ಆಧಾರವಾಗಿ ಹಿಡಿಯುತ್ತದೆ. ಕೈ ಎತ್ತಲಾಗದವರಿಗೆ ಚಿತ್ರ ತೋರಿಸಲು ಹೇಳಿ, ಮಾತು ಬಾರದವರಿಗೆ ಪ್ರಶ್ನೆ ಕೇಳಿ ಬುದ್ಧಿಯನ್ನು ಅಳೆಯಲಾಗದು ಎಂಬ ಸರಳ ಕಾರಣ ಇದರ ಹಿಂದಿದೆ. ಅಂದರೆ ಇವರಿಗೆ ಏನು ತಿಳಿಯುತ್ತದೆ, ಎಷ್ಟು ತಿಳಿಯುತ್ತದೆ ಎಂಬುದಕ್ಕೆ ಯಾರ ಬಳಿಯೂ ಖಚಿತವಾದ ಅಳತೆಗೋಲಿಲ್ಲ. ಮುಂದಿನ ಚರ್ಚೆಯಲ್ಲಿ ಈ ಮಾತು ಮತ್ತೆ ಮತ್ತೆ ಎದುರಾಗುತ್ತದೆ.

ಒಂದೇ ಪದ, ಎರಡು ಅರ್ಥ

ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಐಸಿಎಫ್ ಎಂಬ ಹೊಸ ಚೌಕಟ್ಟನ್ನು ಪ್ರಕಟಿಸಿತು. ಅಂಗವೈಕಲ್ಯವು ದೇಹದೊಳಗಿನ ದೋಷ ಮಾತ್ರವಲ್ಲ, ದೇಹದ ಸ್ಥಿತಿಗೂ ಸುತ್ತಲಿನ ಪರಿಸರಕ್ಕೂ ನಡುವಿನ ಸಂಬಂಧದಿಂದ ಹುಟ್ಟುವಂಥದ್ದು ಎಂದು ಅದು ಸಾರಿತು. ಪಾಲ್ಗೊಳ್ಳುವಿಕೆಗೆ ಅದು ಕೊಟ್ಟ ಅರ್ಥ, ಬದುಕಿನ ಸನ್ನಿವೇಶವೊಂದರಲ್ಲಿ ತೊಡಗಿಕೊಂಡಿರುವುದು. ಕೇಳಲು ಸರಳವಾದ ಈ ಅರ್ಥ ಆಡಳಿತದ ಕೈಗೆ ಬಂದಾಗ ಸೊರಗಿತು. ತೊಡಗಿಕೊಂಡಿರುವುದನ್ನು ಎಣಿಸುವುದು ಕಷ್ಟ, ಹೋಗಿದ್ದಾರೆಯೇ ಎಂಬುದನ್ನು ಎಣಿಸುವುದು ಸುಲಭ. ವಾರಕ್ಕೆ ಎಷ್ಟು ಬಾರಿ ಹೊರಗೆ ಹೋದರು, ಎಷ್ಟು ಗಂಟೆ ಇದ್ದರು, ಎಷ್ಟು ಬಗೆಯ ಸ್ಥಳಗಳಿಗೆ ಹೋದರು ಎಂಬುದೇ ಪಾಲ್ಗೊಳ್ಳುವಿಕೆಯ ಲೆಕ್ಕವಾಗಿಬಿಟ್ಟಿತು.

ಮಕ್ಕಳ ಪುನರ್ವಸತಿ ಕ್ಷೇತ್ರದ ಸಂಶೋಧಕರು ಕಳೆದ ದಶಕದಲ್ಲಿ ಈ ಗೊಂದಲವನ್ನು ಬಿಡಿಸಲು ಪಾಲ್ಗೊಳ್ಳುವಿಕೆಯನ್ನು ಎರಡು ಭಾಗವಾಗಿ ಒಡೆದರು. ಒಂದು ಹಾಜರಿ, ಇನ್ನೊಂದು ತೊಡಗುವಿಕೆ. ಹಾಜರಿ ಇಲ್ಲದೆ ತೊಡಗುವಿಕೆ ಸಾಧ್ಯವಿಲ್ಲ, ಆದರೆ ಹಾಜರಿ ಇದ್ದ ಮಾತ್ರಕ್ಕೆ ತೊಡಗುವಿಕೆ ಬಂದೇಬಿಡುವುದಿಲ್ಲ. ಸಭೆಯೊಂದರಲ್ಲಿ ಎರಡು ಗಂಟೆ ಕುಳಿತು ಮನಸ್ಸು ಬೇರೆಲ್ಲೋ ಇಟ್ಟುಕೊಂಡು ಬಂದ ಯಾರಿಗೂ ಈ ವ್ಯತ್ಯಾಸ ಗೊತ್ತು. ಆದರೆ ಬೇಸರವಾದರೆ ನಾವು ಎದ್ದು ಬರುತ್ತೇವೆ, ಇಲ್ಲವೇ ಬಾಯಿಬಿಟ್ಟು ಹೇಳುತ್ತೇವೆ. ಅತಿ ತೀವ್ರ ಅಂಗವೈಕಲ್ಯವಿರುವ ಯುವತಿಗೆ ಆ ಎರಡು ದಾರಿಗಳೂ ಇಲ್ಲದಿರುವುದರಿಂದ, ಅವಳು ಮನಸ್ಸಿನಿಂದಲೂ ಅಲ್ಲಿದ್ದಳೇ ಎಂಬ ಪ್ರಶ್ನೆಯನ್ನು ಬೇರೆಯವರೇ ಕೇಳಿಕೊಳ್ಳಬೇಕು. ಹೆಚ್ಚಿನ ವ್ಯವಸ್ಥೆಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ವಾದದ ಬೇರು

ಇಪ್ಪತ್ತನೆಯ ಶತಮಾನದ ಬಹುಭಾಗ ಈ ಮಕ್ಕಳ ಪಾಲಿಗೆ ದೊಡ್ಡ ದೊಡ್ಡ ವಸತಿಸಂಸ್ಥೆಗಳ ಕಾಲ. ನ್ಯೂಯಾರ್ಕ್‌ನ ವಿಲ್ಲೋಬ್ರೂಕ್ ಶಾಲೆ ಎಂಬ ಹೆಸರಿನ ಸಂಸ್ಥೆಯೊಳಗಿನ ಕೊಳಕು, ಹಸಿವು, ಬೆತ್ತಲೆ ಮಕ್ಕಳ ದೃಶ್ಯಗಳನ್ನು 1972ರಲ್ಲಿ ದೂರದರ್ಶನ ವರದಿಯೊಂದು ಹೊರಗೆ ತಂದಿತು. ಅದು ಪೂರ್ತಿ ಮುಚ್ಚಿದ್ದು 1987ರಲ್ಲಿ. ಅದಕ್ಕೂ ಮೊದಲೇ ಸ್ವೀಡನ್ನಿನ ಬೆಂಗ್ಟ್ ನಿರ್ಯೆ 1969ರಲ್ಲಿ ಒಂದು ತತ್ವವನ್ನು ಮುಂದಿಟ್ಟಿದ್ದರು: ಎಲ್ಲರಿಗೂ ಇರುವ ದಿನದ ಲಯ, ವಾರದ ಲಯ, ವರ್ಷದ ಲಯ ಇವರಿಗೂ ಸಿಗಬೇಕು. ಬೆಳಿಗ್ಗೆ ಎದ್ದು ಬಟ್ಟೆ ಬದಲಿಸಿ ಮನೆಯಿಂದ ಬೇರೊಂದು ಕಡೆಗೆ ಹೋಗುವುದು, ರಜೆಯ ದಿನ ಬೇರೆ ದಿನಗಳಿಗಿಂತ ಬೇರೆಯಾಗಿರುವುದು, ವಯಸ್ಸಿಗೆ ತಕ್ಕ ಅನುಭವಗಳು ದೊರೆಯುವುದು, ಇವೆಲ್ಲ ಆ ತತ್ವದೊಳಗೆ ಬರುತ್ತವೆ. ಸ್ಕ್ಯಾಂಡಿನೇವಿಯದ ದೇಶಗಳು 1990ರ ದಶಕದಲ್ಲಿ ಇಂಥ ಸಂಸ್ಥೆಗಳನ್ನು ಮುಚ್ಚಿದವು. ಅಮೆರಿಕದ ಸುಪ್ರೀಂ ಕೋರ್ಟ್ 1999ರ ಓಲ್ಮ್‌ಸ್ಟೆಡ್ ತೀರ್ಪಿನಲ್ಲಿ, ಸಮರ್ಥನೆಯಿಲ್ಲದೆ ಅಂಗವಿಕಲರನ್ನು ಸಂಸ್ಥೆಗಳಲ್ಲಿ ಪ್ರತ್ಯೇಕಿಸಿಡುವುದು ತಾರತಮ್ಯ ಎಂದು ಹೇಳಿತು.

2006ರ ಡಿಸೆಂಬರ್ 13ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಇದೆಲ್ಲಕ್ಕೂ ಅಂತರರಾಷ್ಟ್ರೀಯ ಕಾನೂನಿನ ಬಲ ಕೊಟ್ಟಿತು. ಅದರ 19ನೆಯ ವಿಧಿ ಸ್ವತಂತ್ರವಾಗಿ ಬದುಕುವ ಮತ್ತು ಸಮುದಾಯದ ಭಾಗವಾಗಿರುವ ಹಕ್ಕನ್ನು ಹೇಳಿದರೆ, 30ನೆಯ ವಿಧಿ ಸಂಸ್ಕೃತಿ, ಬಿಡುವು, ಆಟೋಟಗಳ ಹಕ್ಕನ್ನು ಹೇಳುತ್ತದೆ. ಹೆಚ್ಚು ತೀವ್ರ ನೆರವು ಬೇಕಾದವರನ್ನು ಒಡಂಬಡಿಕೆಯ ಪೀಠಿಕೆಯೇ ನೆನೆದಿದೆ. ಈ ಒಡಂಬಡಿಕೆಯ ಸಮಿತಿ 2017ರಲ್ಲಿ 19ನೆಯ ವಿಧಿಗೆ ಬರೆದ ವಿವರಣೆಯಲ್ಲಿ ಒಂದು ಮಾತು ಬಹಳ ಮುಖ್ಯವಾದದ್ದು. ಸಂಸ್ಥೆಯೊಂದು ಸಂಸ್ಥೆಯಾಗುವುದು ಅದರ ಗಾತ್ರದಿಂದಲ್ಲ. ನೂರು ಜನರಿರುವ ಕಟ್ಟಡವಾಗಲಿ, ಐದರಿಂದ ಎಂಟು ಜನರಿರುವ ಗುಂಪುಮನೆಯಾಗಲಿ, ಒಬ್ಬರೇ ಇರುವ ಮನೆಯೇ ಆಗಲಿ, ಯಾವಾಗ ಉಣ್ಣಬೇಕು, ಯಾರ ಜೊತೆ ಇರಬೇಕು, ಯಾರು ನೆರವಾಗಬೇಕು ಎಂಬುದರಲ್ಲಿ ಆ ವ್ಯಕ್ತಿಯ ಮಾತು ನಡೆಯದಿದ್ದರೆ ಅದನ್ನು ಸ್ವತಂತ್ರ ಬದುಕು ಎನ್ನಲಾಗದು ಎಂದು ಸಮಿತಿ ಹೇಳಿತು. 2022ರಲ್ಲಿ ಸಂಸ್ಥೆಗಳಿಂದ ಹೊರತರುವ ಬಗ್ಗೆ ಅದು ಮಾರ್ಗಸೂಚಿಯನ್ನೂ ಹೊರಡಿಸಿತು.

ಪ್ರತ್ಯೇಕ ವ್ಯವಸ್ಥೆಗಳನ್ನು ಮುಚ್ಚಬೇಕೆನ್ನುವವರು ನಿಂತಿರುವುದು ಈ ನೆಲದ ಮೇಲೆ. ಅವರ ಮುಖ್ಯ ಆತಂಕ ಚರಿತ್ರೆಯಿಂದ ಬಂದದ್ದು: ಬೇಲಿಯೊಳಗಿನ ಬದುಕನ್ನು ಹೊರಗಿನವರು ನೋಡುವುದಿಲ್ಲ, ನೋಡದ ಕಡೆ ದೌರ್ಜನ್ಯ ಬೆಳೆಯುತ್ತದೆ. ಇನ್ನೊಂದು ಆತಂಕವೂ ಇದೆ. ಪ್ರತ್ಯೇಕ ಕೇಂದ್ರವೊಂದು ಇರುವವರೆಗೆ ಗ್ರಂಥಾಲಯಕ್ಕಾಗಲಿ ಈಜುಕೊಳಕ್ಕಾಗಲಿ ಬದಲಾಗಬೇಕಾದ ಒತ್ತಡವೇ ಇರುವುದಿಲ್ಲ. 'ಅವರಿಗೆ ಅವರದೇ ಜಾಗ ಇದೆಯಲ್ಲ' ಎಂಬ ಉತ್ತರ ಸದಾ ಸಿದ್ಧವಿರುತ್ತದೆ.

ಪೋಷಕರು ಹೆದರುವುದು ಯಾವುದಕ್ಕೆ

ಪೋಷಕರ ವಿರೋಧವನ್ನು ಹಳೆಯ ಕಾಲದ ಮನೋಭಾವವೆಂದು ತಳ್ಳಿಹಾಕುವುದು ಅನ್ಯಾಯ. ಮಗಳಿಗೆ ಫಿಟ್ಸ್ ಬಂದಾಗ ಎಷ್ಟು ನಿಮಿಷ ಕಾಯಬೇಕು, ಯಾವಾಗ ಔಷಧಿ ಕೊಡಬೇಕು ಎಂದು ಬಲ್ಲವರು, ಆಹಾರ ಶ್ವಾಸನಾಳಕ್ಕೆ ಇಳಿಯದಂತೆ ಕೂರಿಸಿ ತಿನ್ನಿಸಬಲ್ಲವರು, ಮುಖ ಸ್ವಲ್ಪ ಬಿಳಿಚಿದರೂ ಅದು ನೋವೆಂದು ಗುರುತಿಸಬಲ್ಲವರು ಒಂದು ಕೇಂದ್ರದಲ್ಲಿ ಹತ್ತು ವರ್ಷಗಳಿಂದ ಇದ್ದಾರೆ ಎಂದಿಟ್ಟುಕೊಳ್ಳಿ. ಆ ಕೇಂದ್ರ ಮುಚ್ಚಿದಾಗ ಕಟ್ಟಡದ ಜೊತೆಗೆ ಈ ತಿಳಿವಳಿಕೆಯೂ ಚದುರಿಹೋಗುತ್ತದೆ. ಅದರ ಬದಲಿಗೆ ಸಿಗುವುದು ವಾರಕ್ಕೆ ಇಷ್ಟು ಗಂಟೆಗಳ ಸಹಾಯಕರ ಸೇವೆ. ಆ ಕೆಲಸಕ್ಕೆ ಸಂಬಳ ಕಡಿಮೆ, ಜನ ಬೇಗ ಬೇಗ ಬದಲಾಗುತ್ತಾರೆ. ಸಹಾಯಕರು ಬಾರದ ದಿನ ಯುವತಿ ಮನೆಯಲ್ಲೇ ಉಳಿಯುತ್ತಾಳೆ, ತಾಯಿ ಕೆಲಸಕ್ಕೆ ರಜೆ ಹಾಕುತ್ತಾರೆ. ಸಮುದಾಯದ ಹೆಸರಿನಲ್ಲಿ ಮಾಡಿದ ಬದಲಾವಣೆ ಹೀಗೆ ಒಂಟಿತನದಲ್ಲಿ ಕೊನೆಗೊಳ್ಳುವ ಸಾಧ್ಯತೆ ನಿಜಕ್ಕೂ ಇದೆ.

ಹಕ್ಕುಗಳ ಚಳವಳಿಯನ್ನು ಕಟ್ಟಿದವರಲ್ಲಿ ಹೆಚ್ಚಿನವರು ತಮ್ಮ ಸಹಾಯಕರನ್ನು ತಾವೇ ಆರಿಸಿಕೊಂಡು, ತಾವೇ ನಿರ್ದೇಶಿಸಬಲ್ಲ ಅಂಗವಿಕಲರು ಎಂಬುದನ್ನೂ ಇಲ್ಲಿ ಹೇಳಬೇಕು. 'ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ಏನೂ ಬೇಡ' ಎಂಬ ಅವರ ಘೋಷಣೆ ನ್ಯಾಯವಾದದ್ದೇ. ಆದರೆ ಆ ಮಾದರಿಯ ನಡುಗಂಬ ಸ್ವಂತ ಮಾತು. ಮಾತೇ ಇಲ್ಲದವರಿಗೆ ಅದನ್ನು ಹಾಗೆಯೇ ಅನ್ವಯಿಸಲು ಹೊರಟಾಗ ಎಲ್ಲೋ ಒಂದು ಕಡೆ ಅದು ಸರಿಹೊಂದದೆ ಉಳಿಯುತ್ತದೆ. ಒಡಂಬಡಿಕೆಯ ಸಮಿತಿ ಇದಕ್ಕೆ ಕೊಡುವ ಉತ್ತರ ನೇರವಾಗಿದೆ: ನೆರವಿನ ಅಗತ್ಯ ಎಷ್ಟೇ ಹೆಚ್ಚಿದ್ದರೂ ಹಕ್ಕು ಕಡಿಮೆಯಾಗದು. ಹಕ್ಕಿನ ಬಗ್ಗೆ ಅದು ಪೂರ್ತಿ ಒಪ್ಪತಕ್ಕ ಮಾತು. ಆ ಹಕ್ಕು ದಿನದ ಬದುಕಿನಲ್ಲಿ ಯಾವ ರೂಪ ತಾಳಬೇಕೆಂಬುದಕ್ಕೆ ಮಾತ್ರ ಅದರಲ್ಲಿ ಉತ್ತರ ಸಿಗುವುದಿಲ್ಲ.

ಗ್ರಂಥಾಲಯದ ಒಂದು ಬೆಳಗು

ಹಾಜರಿಗೂ ತೊಡಗುವಿಕೆಗೂ ಇರುವ ಅಂತರವನ್ನು ಹತ್ತಿರದಿಂದ ನೋಡಲು ಇಪ್ಪತ್ತೊಂದು ವರ್ಷದ ಯುವಕನೊಬ್ಬ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗುವ ಸಾಮಾನ್ಯ ಸನ್ನಿವೇಶವನ್ನು ಊಹಿಸಿಕೊಳ್ಳೋಣ. ಸಹಾಯಕ ಗಾಲಿಕುರ್ಚಿಯನ್ನು ತಳ್ಳಿಕೊಂಡು ಒಳಗೆ ಬರುತ್ತಾನೆ, ಮಕ್ಕಳ ಪುಸ್ತಕಗಳ ಕಪಾಟಿನ ಮುಂದೆ ನಿಲ್ಲಿಸುತ್ತಾನೆ, ಒಂದು ಚಿತ್ರಪುಸ್ತಕವನ್ನು ಮುಖದ ಹತ್ತಿರ ಹಿಡಿಯುತ್ತಾನೆ. ಯುವಕ ಮುಖವನ್ನು ಪಕ್ಕಕ್ಕೆ ತಿರುಗಿಸುತ್ತಾನೆ. ಇಷ್ಟವಿಲ್ಲವೆಂದು ತಿಳಿದ ಸಹಾಯಕ ಇನ್ನೊಂದು ಪುಸ್ತಕ ತೆಗೆಯುತ್ತಾನೆ, ಮತ್ತೆ ಮುಖ ತಿರುಗುತ್ತದೆ. ಅರ್ಧ ಗಂಟೆಯ ನಂತರ ಇಬ್ಬರೂ ಹೊರಡುತ್ತಾರೆ. ದಾಖಲೆಯಲ್ಲಿ 'ಗ್ರಂಥಾಲಯ ಭೇಟಿ, 30 ನಿಮಿಷ' ಎಂದು ಬರೆಯಲಾಗುತ್ತದೆ.

ಈಗ ಅದೇ ಸನ್ನಿವೇಶದಲ್ಲಿ ಅವನನ್ನು ಬಲ್ಲ ಸಹಾಯಕಿಯನ್ನು ಇಟ್ಟು ನೋಡೋಣ. ಇಂಥ ಯುವಜನರಲ್ಲಿ ಹಲವರ ಕಣ್ಣು ಚೆನ್ನಾಗಿದ್ದರೂ ಕಂಡದ್ದನ್ನು ಮಿದುಳು ಸುಲಭವಾಗಿ ಗ್ರಹಿಸುವುದಿಲ್ಲ. ಅವರು ಒಂದು ಕ್ಷಣ ನೋಡಿ, ಮುಖ ತಿರುಗಿಸಿ, ಕಂಡದ್ದನ್ನು ಒಳಗೆ ಅರಗಿಸಿಕೊಂಡು, ಆಮೇಲೆ ಕೈಚಾಚುವುದುಂಟು. ಮುಖ ತಿರುಗಿಸುವುದು ಬೇಡವೆಂಬ ಸೂಚನೆಯಾಗಿರದೆ ಗಮನದ ಸೂಚನೆಯೇ ಆಗಿರಬಹುದು. ಇದನ್ನು ತಿಳಿದ ಸಹಾಯಕಿ ಪುಸ್ತಕವನ್ನು ಬದಲಿಸುವುದಿಲ್ಲ. ಗದ್ದಲ ಕಡಿಮೆ ಇರುವ ಮೂಲೆಯಲ್ಲಿ ಕಪ್ಪು ಬಟ್ಟೆಯ ಮೇಲೆ ಕೆಂಪು ಬಣ್ಣದ ಒಂದೇ ವಸ್ತುವನ್ನು ಇಟ್ಟು, ಏನೂ ಮಾತನಾಡದೆ ಕಾಯುತ್ತಾಳೆ. ಇಪ್ಪತ್ತು ಸೆಕೆಂಡು, ಮೂವತ್ತು ಸೆಕೆಂಡು. ಅವನ ಉಸಿರಾಟ ನಿಧಾನವಾಗುತ್ತದೆ, ಬಿಗಿದ ಮುಷ್ಟಿ ಸಡಿಲವಾಗುತ್ತದೆ, ಬೆರಳು ಮುಂದಕ್ಕೆ ಸರಿಯುತ್ತದೆ. ಹೊರಡುವ ಮುನ್ನ ಅವನ ಕೈಯಡಿ ಒಂದು ದೊಡ್ಡ ಗುಂಡಿಯ ಸ್ವಿಚ್ ಇಡುತ್ತಾಳೆ. ಅದರಲ್ಲಿ 'ಈ ಪುಸ್ತಕ ಬೇಕು' ಎಂಬ ಒಂದೇ ವಾಕ್ಯವನ್ನು ಮೊದಲೇ ಧ್ವನಿಮುದ್ರಿಸಲಾಗಿದೆ. ಅವನು ಒತ್ತುತ್ತಾನೆ, ಮೇಜಿನ ಹಿಂದಿನ ಗ್ರಂಥಪಾಲಕಿ ತಲೆ ಎತ್ತಿ ಅವನನ್ನೇ ನೋಡಿ ಉತ್ತರ ಕೊಡುತ್ತಾಳೆ. ಮುಂದಿನ ವಾರ ಅವಳು ಹೆಸರು ಹಿಡಿದು ಕರೆಯುತ್ತಾಳೆ. ದಾಖಲೆಯಲ್ಲಿ ಈ ಬಾರಿಯೂ ಬರೆಯುವುದು 'ಗ್ರಂಥಾಲಯ ಭೇಟಿ, 30 ನಿಮಿಷ' ಎಂದೇ.

ಈ ಎರಡು ಬೆಳಗುಗಳ ನಡುವೆ ಕಟ್ಟಡ ಬದಲಾಗಲಿಲ್ಲ, ಹಣ ಬದಲಾಗಲಿಲ್ಲ, ಗಂಟೆ ಬದಲಾಗಲಿಲ್ಲ. ಪಕ್ಕದಲ್ಲಿದ್ದ ವ್ಯಕ್ತಿಯ ತಿಳಿವಳಿಕೆ ಮತ್ತು ಕಾಯುವ ತಾಳ್ಮೆ ಬದಲಾಗಿತ್ತು. ಆದ್ದರಿಂದಲೇ, ಪ್ರತ್ಯೇಕ ಕೇಂದ್ರವೋ ಸಾರ್ವಜನಿಕ ಸ್ಥಳವೋ ಎಂಬ ವಾದ ಎಷ್ಟೇ ಮುಖ್ಯವಾದರೂ ಅದು ಅರ್ಧ ಪ್ರಶ್ನೆಯನ್ನು ಮಾತ್ರ ಕೇಳುತ್ತದೆ ಎಂಬುದು ಈ ಲೇಖಕರ ಅಭಿಪ್ರಾಯ. ಸಂಕೇತಗಳನ್ನು ಓದಬಲ್ಲವರು ಜೊತೆಗಿಲ್ಲದಿದ್ದರೆ ಸಾರ್ವಜನಿಕ ಗ್ರಂಥಾಲಯದ ನಡುವೆಯೂ ಆ ಯುವಕ ಪ್ರತ್ಯೇಕವಾಗಿಯೇ ಇರುತ್ತಾನೆ. ಹಾಗೆಯೇ, ಓದಬಲ್ಲವರು ಇದ್ದೂ ಹೊರಗಿನ ಯಾರೂ ಬಾರದ ಕೇಂದ್ರದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವ ಗ್ರಂಥಪಾಲಕಿ ಎಂದಿಗೂ ಸಿಗುವುದಿಲ್ಲ.

ಈ ಓದುವ ವಿದ್ಯೆ ಕಲಿಯಬಹುದಾದದ್ದು. ಇಂಗ್ಲೆಂಡಿನ ಹಾರ್ಪರ್‌ಬರಿ ಆಸ್ಪತ್ರೆಯ ಶಾಲೆಯಲ್ಲಿ 1980ರ ದಶಕದಲ್ಲಿ ಡೇವ್ ಹ್ಯೂಯೆಟ್, ಮೆಲನಿ ನಿಂಡ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ 'ಇಂಟೆನ್ಸಿವ್ ಇಂಟರ‍್ಯಾಕ್ಷನ್' ಎಂಬ ವಿಧಾನ ಇದಕ್ಕೆ ಉದಾಹರಣೆ. ಎಳೆಗೂಸಿನೊಂದಿಗೆ ತಾಯಿ ಸಹಜವಾಗಿ ಮಾಡುವುದನ್ನೇ ಅವರು ಗಮನವಿಟ್ಟು ಅಭ್ಯಾಸ ಮಾಡಿದರು. ಎದುರಿನವರು ಒಂದು ಸದ್ದು ಮಾಡಿದರೆ ಆ ಸದ್ದಿಗೆ ಸದ್ದಿನಿಂದಲೇ ಉತ್ತರ ಕೊಡುವುದು, ಬೆರಳಿನ ತಾಳಕ್ಕೆ ಬೆರಳಿನ ತಾಳ ಸೇರಿಸುವುದು, ಬಿಡುವು ಕೊಟ್ಟು ಅವರ ಸರದಿಗಾಗಿ ಕಾಯುವುದು. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ, ಆದರೆ ಅದೇ ವ್ಯಕ್ತಿ ತಿಂಗಳುಗಟ್ಟಲೆ ಜೊತೆಗಿರಬೇಕು. ಇಂಥ ಯುವಜನರ ಎಚ್ಚರದ ಮಟ್ಟ ನಿಮಿಷ ನಿಮಿಷಕ್ಕೂ ಬದಲಾಗುತ್ತದೆ. ಔಷಧಿ, ರಾತ್ರಿಯ ನಿದ್ದೆ, ಮಲಬದ್ಧತೆ, ಕುಳಿತ ಭಂಗಿ, ಎಲ್ಲವೂ ಅದರ ಮೇಲೆ ಪರಿಣಾಮ ಬೀರುತ್ತವೆ. ಯಾವ ಹೊತ್ತಿನಲ್ಲಿ ಅವರು ಹೊರಗಿನ ಲೋಕಕ್ಕೆ ತೆರೆದುಕೊಂಡಿರುತ್ತಾರೆ ಎಂಬುದು ವಾರಕ್ಕೊಬ್ಬರಂತೆ ಬದಲಾಗುವ ಸಹಾಯಕರಿಗೆ ತಿಳಿಯುವುದೇ ಇಲ್ಲ.

ಶೌಚಾಲಯವೆಂಬ ತಡೆಗೋಡೆ

ಸಣ್ಣದೆಂದು ತೋರಿದರೂ ಇಡೀ ದಿನವನ್ನು ನಿರ್ಧರಿಸುವ ಒಂದು ಸಂಗತಿಯಿದೆ. ಗಾಲಿಕುರ್ಚಿಗೆ ತಕ್ಕ ಸಾಮಾನ್ಯ ಶೌಚಾಲಯದಿಂದ ಇವರಿಗೆ ಪ್ರಯೋಜನವಿಲ್ಲ, ಏಕೆಂದರೆ ಇವರು ತಾವಾಗಿ ಕುರ್ಚಿಯಿಂದ ಕಮೋಡಿಗೆ ದಾಟಲಾರರು. ಬೆಳೆದ ದೇಹವನ್ನು ಮಲಗಿಸಿ ಒಳಬಟ್ಟೆ ಬದಲಿಸಲು ದೊಡ್ಡವರ ಅಳತೆಯ ಹಲಗೆ ಬೇಕು, ಎತ್ತಲು ಚಾವಣಿಗೆ ಜೋಡಿಸಿದ ಎತ್ತುಯಂತ್ರ ಬೇಕು, ಇಬ್ಬರು ನೆರವಿನವರು ಓಡಾಡುವಷ್ಟು ಜಾಗ ಬೇಕು. ಬ್ರಿಟನ್ನಿನಲ್ಲಿ 'ಚೇಂಜಿಂಗ್ ಪ್ಲೇಸಸ್' ಎಂಬ ಆಂದೋಲನ ಇದಕ್ಕೆ 12 ಚದರ ಮೀಟರಿನ ಅಳತೆಯನ್ನು ಮುಂದಿಟ್ಟಿತು. 2021ರ ಜನವರಿಯಿಂದ ಇಂಗ್ಲೆಂಡಿನಲ್ಲಿ ಹೊಸದಾಗಿ ಕಟ್ಟುವ ದೊಡ್ಡ ಸಾರ್ವಜನಿಕ ಕಟ್ಟಡಗಳಿಗೆ ಇಂಥ ಕೋಣೆ ಕಡ್ಡಾಯವಾಯಿತು. ಇದಿಲ್ಲದ ಕಡೆ ಕುಟುಂಬಗಳ ಮುಂದಿರುವ ದಾರಿಗಳು ಮೂರೇ. ಶೌಚಾಲಯದ ನೆಲದ ಮೇಲೆ ಮಲಗಿಸುವುದು, ಒದ್ದೆಯಲ್ಲೇ ಇರಿಸುವುದು, ಅಥವಾ ಎರಡು ಗಂಟೆಯೊಳಗೆ ಮನೆಗೆ ಮರಳುವುದು. ಹಲವರು ಮೂರನೆಯದನ್ನು ಆರಿಸಿಕೊಳ್ಳುತ್ತಾರೆ, ಕ್ರಮೇಣ ಹೊರಡುವುದನ್ನೇ ಬಿಡುತ್ತಾರೆ.

ಇಷ್ಟ ಯಾರದು?

ಒಡಂಬಡಿಕೆಯ 12ನೆಯ ವಿಧಿಯ ಬಗ್ಗೆ 2014ರಲ್ಲಿ ಬಂದ ವಿವರಣೆ ಒಂದು ದೊಡ್ಡ ಬದಲಾವಣೆಯನ್ನು ಸೂಚಿಸಿತು. ಅಲ್ಲಿಯವರೆಗೆ ಮಾತು ಬಾರದವರ ಪರವಾಗಿ ಬೇರೆಯವರು ತೀರ್ಮಾನಿಸುವಾಗ 'ಅವರ ಹಿತ ಯಾವುದರಲ್ಲಿದೆ' ಎಂಬುದೇ ಮಾನದಂಡವಾಗಿತ್ತು. ಅದರ ಬದಲು 'ಅವರ ಇಚ್ಛೆ ಮತ್ತು ಒಲವುಗಳನ್ನು ನಮಗೆ ಸಾಧ್ಯವಾದಷ್ಟು ಚೆನ್ನಾಗಿ ಅರ್ಥೈಸಿದರೆ ಏನು ಸಿಗುತ್ತದೆ' ಎಂದು ಕೇಳಬೇಕೆಂದು ಸಮಿತಿ ಹೇಳಿತು. ಪದಗಳಲ್ಲಿ ವ್ಯತ್ಯಾಸ ಚಿಕ್ಕದಾಗಿ ಕಂಡರೂ ಪರಿಣಾಮ ದೊಡ್ಡದು. ಹಿತದ ದೃಷ್ಟಿಯಿಂದ ನೋಡಿದರೆ ಸೋಂಕು ತಗಲಬಹುದಾದ ಜನಜಂಗುಳಿಯ ಸಂಗೀತ ಸಭೆಗೆ ಯುವತಿಯನ್ನು ಕರೆದೊಯ್ಯದಿರುವುದೇ ಸರಿ. ಒಲವಿನ ದೃಷ್ಟಿಯಿಂದ ನೋಡಿದರೆ, ಚರ್ಮವಾದ್ಯದ ಪೆಟ್ಟು ಎದೆಗೆ ತಾಗುವಷ್ಟು ಹತ್ತಿರ ಕುಳಿತಾಗ ಮಾತ್ರ ಅವಳ ಮುಖ ಅರಳುತ್ತದೆ ಎಂಬುದನ್ನೂ ತಕ್ಕಡಿಗೆ ಹಾಕಬೇಕಾಗುತ್ತದೆ.

ಆದರೆ ಅರ್ಥೈಸುವವರು ತಮ್ಮ ಆಸೆಯನ್ನೇ ಅವರ ಆಸೆಯೆಂದು ಓದಿಬಿಡುವ ಅಪಾಯ ಸಣ್ಣದಲ್ಲ. 1970ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿ ಆಮೇಲೆ ಅಮೆರಿಕದಲ್ಲಿ ಹರಡಿದ 'ಫೆಸಿಲಿಟೇಟೆಡ್ ಕಮ್ಯುನಿಕೇಷನ್' ಎಂಬ ವಿಧಾನ ಇದಕ್ಕೆ ಎಚ್ಚರಿಕೆಯ ಉದಾಹರಣೆ. ಅದರಲ್ಲಿ ಸಹಾಯಕರು ಅಂಗವಿಕಲರ ಕೈಯನ್ನು ಹಿಡಿದು ಅಕ್ಷರಫಲಕದ ಮೇಲೆ ಬೆರಳಚ್ಚು ಮಾಡಿಸುತ್ತಿದ್ದರು. ದಿಢೀರನೆ ಪೂರ್ಣ ವಾಕ್ಯಗಳು ಹೊರಬಂದಾಗ ಕುಟುಂಬಗಳು ಕಣ್ಣೀರಿಟ್ಟು ಸಂತೋಷಪಟ್ಟವು. 1990ರ ದಶಕದ ನಿಯಂತ್ರಿತ ಪರೀಕ್ಷೆಗಳಲ್ಲಿ ಸಹಾಯಕರಿಗೆ ಒಂದು ಚಿತ್ರ, ಅಂಗವಿಕಲರಿಗೆ ಇನ್ನೊಂದು ಚಿತ್ರ ತೋರಿಸಿದಾಗ ಬೆರಳಚ್ಚಾದದ್ದು ಸಹಾಯಕರು ನೋಡಿದ ಚಿತ್ರದ ಹೆಸರು. ಅವರಲ್ಲಿ ಹೆಚ್ಚಿನವರು ಮೋಸಗಾರರಾಗಿರಲಿಲ್ಲ. ತಮ್ಮ ಕೈಯೇ ಬರೆಸುತ್ತಿದೆ ಎಂಬುದು ಅವರಿಗೇ ಅರಿವಿರಲಿಲ್ಲ. ಪ್ರೀತಿ ಇದ್ದ ಮಾತ್ರಕ್ಕೆ ಓದು ಸರಿಯಾಗುವುದಿಲ್ಲ ಎಂಬುದನ್ನು ಈ ಪ್ರಸಂಗ ತೋರಿಸಿತು. ಆದ್ದರಿಂದ ಒಬ್ಬರೇ ಅರ್ಥೈಸುವುದಕ್ಕಿಂತ ಮನೆಯವರು, ಸಹಾಯಕರು, ಹಳೆಯ ಶಿಕ್ಷಕರು ಬೇರೆ ಬೇರೆಯಾಗಿ ನೋಡಿ, ವಿಡಿಯೊ ಹಿಡಿದು, ಹೋಲಿಸಿ, 'ಇದು ನಮ್ಮ ಊಹೆ, ತಪ್ಪಿರಬಹುದು' ಎಂದು ತಿದ್ದಿಕೊಳ್ಳುತ್ತಾ ಹೋಗುವ ಕ್ರಮವೇ ಹೆಚ್ಚು ಸುರಕ್ಷಿತ.

ಗಂಟೆಗಳ ಲೆಕ್ಕ ಎಲ್ಲಿಗೆ ಒಯ್ಯುತ್ತದೆ

ನೀತಿಗಳು ಈಗಿನ ದಾರಿಯಲ್ಲೇ ಸಾಗಿದರೆ ಏನಾಗಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಹಣ ಗಂಟೆಗಳ ಲೆಕ್ಕದಲ್ಲಿ ಬಿಡುಗಡೆಯಾಗುತ್ತದೆ. ಖರ್ಚು ಹೆಚ್ಚಿತೆಂದು ಸರ್ಕಾರಗಳು ಕೈ ಬಿಗಿ ಮಾಡಿದಾಗ ಸೇವೆ ಒದಗಿಸುವವರು ಒಬ್ಬ ಸಹಾಯಕನಿಗೆ ಮೂವರನ್ನು ಒಪ್ಪಿಸುತ್ತಾರೆ. ಮೂವರ ಒಲವೂ ಬೇರೆಯಾದ್ದರಿಂದ ಯಾರಿಗೂ ತೀರಾ ತೊಂದರೆಯಾಗದ ಜಾಗವನ್ನು ಆರಿಸಬೇಕಾಗುತ್ತದೆ. ಅದು ಹೆಚ್ಚಾಗಿ ಯಾರೂ ಯಾರನ್ನೂ ಗುರುತಿಸದ ಅಂಗಡಿಸಾಲು, ಇಲ್ಲವೇ ವಾಹನದಲ್ಲಿ ಸುಮ್ಮನೆ ಒಂದು ಸುತ್ತು. ಕಾಗದದ ಮೇಲೆ ಪ್ರತ್ಯೇಕ ಕೇಂದ್ರ ಮಾಯವಾಗಿರುತ್ತದೆ. ಅದರ ಬದಲು ಬಂದದ್ದು ಗೋಡೆಗಳಿಲ್ಲದ, ಊರೆಲ್ಲ ಅಲೆಯುವ ಪ್ರತ್ಯೇಕ ಕೇಂದ್ರ. ಸಹಾಯಕರನ್ನು ಬಲವಂತವಾಗಿ ಹಂಚಿಕೊಳ್ಳಬೇಕಾದ ಸ್ಥಿತಿಯನ್ನು ವಿಶ್ವಸಂಸ್ಥೆಯ ಸಮಿತಿ ಸಂಸ್ಥೆಯ ಲಕ್ಷಣಗಳಲ್ಲಿ ಒಂದೆಂದು 2017ರಲ್ಲೇ ಪಟ್ಟಿ ಮಾಡಿದ್ದು ಇದೇ ಕಾರಣಕ್ಕೆ.

ಬೇರೆ ರೀತಿಯಲ್ಲಿ ಯೋಚಿಸಿದ ಕಾನೂನುಗಳೂ ಇವೆ. 1994ರ ಜನವರಿಯಿಂದ ಜಾರಿಗೆ ಬಂದ ಸ್ವೀಡನ್ನಿನ ಎಲ್‌ಎಸ್‌ಎಸ್ ಕಾನೂನು ಪಟ್ಟಿ ಮಾಡುವ ಹತ್ತು ಬಗೆಯ ನೆರವುಗಳಲ್ಲಿ ವೈಯಕ್ತಿಕ ಸಹಾಯಕರೂ ಹಗಲಿನ ಚಟುವಟಿಕೆಯೂ ಇವೆ; ಜೊತೆಗೆ 'ಸಂಪರ್ಕ ವ್ಯಕ್ತಿ' ಎಂಬ ಒಂದು ವ್ಯವಸ್ಥೆಯೂ ಇದೆ. ಆ ವ್ಯಕ್ತಿ ವೃತ್ತಿಪರ ಆರೈಕೆದಾರರಲ್ಲ. ಸ್ನೇಹಿತರಂತೆ ಬಂದು ಜೊತೆಗೆ ಹೊತ್ತು ಕಳೆಯುವುದು, ಒಂಟಿತನವನ್ನು ಮುರಿಯುವುದು, ಬೇರೆ ಜನರ ಪರಿಚಯ ಮಾಡಿಸುವುದು ಅವರ ಕೆಲಸ. ಸ್ನೇಹವನ್ನು ಕಾನೂನಿನಿಂದ ಹುಟ್ಟಿಸಬಹುದೇ ಎಂದು ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ ಅದು. ಆದರೂ ಗಂಟೆಗಳ ಜೊತೆಗೆ ಸಂಬಂಧವೂ ಒಂದು ಅಗತ್ಯವೆಂದು ಕಾನೂನಿನ ಪುಟದಲ್ಲಿ ಬರೆದದ್ದು ಸಣ್ಣ ಸಂಗತಿಯಲ್ಲ.

ಶಾಲೆಯ ಕೊನೆಯ ದಿನ

ಇಡೀ ಸಮಸ್ಯೆ ಅತ್ಯಂತ ತೀಕ್ಷ್ಣವಾಗಿ ಕಾಣುವುದು ಶಾಲೆ ಮುಗಿಯುವ ವಯಸ್ಸಿನಲ್ಲಿ. ಅಮೆರಿಕದಲ್ಲಿ ಅದು ಸಾಮಾನ್ಯವಾಗಿ 21 ಅಥವಾ 22, ಇಂಗ್ಲೆಂಡಿನಲ್ಲಿ ಶಿಕ್ಷಣ ಮತ್ತು ಆರೈಕೆಯ ಯೋಜನೆಯನ್ನು 25ರವರೆಗೆ ವಿಸ್ತರಿಸಲು 2014ರ ಕಾನೂನಿನಲ್ಲಿ ಅವಕಾಶವಿದೆ. ವಯಸ್ಸು ಯಾವುದಾದರೂ ಆಗಲಿ, ಆ ದಿನದವರೆಗೆ ಒಂದೇ ಸೂರಿನಡಿ ಸಿಗುತ್ತಿದ್ದ ಶಿಕ್ಷಕರು, ಫಿಸಿಯೋಥೆರಪಿ, ಊಟದ ನೆರವು, ವಾಹನ, ಗೆಳೆಯರು, ಎಲ್ಲವೂ ಮರುದಿನ ಬೇರೆ ಬೇರೆ ಇಲಾಖೆಗಳ ಬಾಗಿಲುಗಳಾಗಿ ಒಡೆದುಹೋಗುತ್ತವೆ. ಹದಿನೈದು ವರ್ಷ ಕೂಡಿಬಂದ ತಿಳಿವಳಿಕೆ, ಅಂದರೆ ಅವಳು ಎಡಗಣ್ಣು ಮುಚ್ಚಿದರೆ ಸಾಕೆಂದರ್ಥ, ನಾಲಿಗೆ ಹೊರಚಾಚಿದರೆ ಬಾಯಾರಿಕೆ, ಹಠಾತ್ತನೆ ಸುಮ್ಮನಾದರೆ ಹೊಟ್ಟೆನೋವು ಎಂಬುದೆಲ್ಲ ಶಿಕ್ಷಕರ ನೆನಪಿನಲ್ಲೇ ಉಳಿದು ಶಾಲೆಯ ಗೇಟಿನೊಳಗೆ ಮುಗಿಯುತ್ತದೆ.

ಇದನ್ನು ತಡೆಯಲು ಸ್ಕಾಟ್ಲೆಂಡಿನಲ್ಲಿ 1990ರ ದಶಕದಲ್ಲಿ 'ಸಂವಹನ ಪಾಸ್‌ಪೋರ್ಟ್' ಎಂಬ ಒಂದು ಸರಳ ರೂಢಿ ಬೆಳೆಯಿತು. ಯುವಕ ಯುವತಿಯರ ಧ್ವನಿಯಲ್ಲೇ, 'ನಾನು' ಎಂದು ಆರಂಭವಾಗುವ ವಾಕ್ಯಗಳಲ್ಲಿ, ಚಿತ್ರಗಳ ಸಮೇತ ಬರೆದ ಚಿಕ್ಕ ಪುಸ್ತಕ ಅದು. ನನಗೆ ನೋವಾದರೆ ಹೀಗೆ ಕಾಣುತ್ತೇನೆ, ನನ್ನೊಂದಿಗೆ ಮಾತನಾಡುವಾಗ ಬಲಗಡೆಯಿಂದ ಬನ್ನಿ, ಉತ್ತರಕ್ಕಾಗಿ ಅರ್ಧ ನಿಮಿಷ ಕಾಯಿರಿ, ನೀರಿನಲ್ಲಿ ತೇಲುವಾಗ ನನ್ನ ಕೈಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಹೊಸ ಸಹಾಯಕರು ಮೊದಲ ದಿನವೇ ಓದಿ ಮುಗಿಸಬಹುದಾದಷ್ಟು ಚಿಕ್ಕದಾಗಿರಬೇಕು, ಗಾಲಿಕುರ್ಚಿಗೆ ತೂಗುಹಾಕಿದ ಚೀಲದಲ್ಲಿ ಸದಾ ಜೊತೆಗಿರಬೇಕು, ಪ್ರತಿ ವರ್ಷ ತಿದ್ದಿ ಬರೆಯಬೇಕು. ಅದನ್ನು ಶಾಲೆಯ ಕೊನೆಯ ವಾರದಲ್ಲಿ ಅವಸರದಿಂದ ಬರೆಯುವುದಕ್ಕಿಂತ ಎರಡು ಮೂರು ವರ್ಷ ಮೊದಲೇ ಆರಂಭಿಸಿ, ಮುಂದೆ ಜೊತೆಯಾಗಲಿರುವ ಸಹಾಯಕರನ್ನು ಶಾಲೆಯೊಳಕ್ಕೇ ಕರೆಸಿ, ಹಳಬರೂ ಹೊಸಬರೂ ಕೆಲವು ತಿಂಗಳು ಒಟ್ಟಿಗೆ ಆ ಯುವತಿಯ ಪಕ್ಕದಲ್ಲಿ ಕುಳಿತುಕೊಳ್ಳುವಂತೆ ಮಾಡಲು ತಗಲುವ ಸಂಬಳವನ್ನು ಯಾವ ಇಲಾಖೆ ಕೊಡಬೇಕು ಎಂಬುದು ಬಹಳ ಕಡೆ ಇನ್ನೂ ಇತ್ಯರ್ಥವಾಗಿಲ್ಲ.